ಕೆ.ಬಿ. ಬಡಾವಣೆಯ ಕೆಳಗೆ ಎಷ್ಟು ಬಿಸಿ?

ದಾವಣಗೆರೆಯ ಕೆ.ಬಿ. ಬಡಾವಣೆಗೆ ಬೋರ್‌ವೆಲ್ ಲಾರಿ ಬಂದರೆ ಎಲ್ಲರೂ ಕೇಳುವುದು ಒಂದೇ: ಎಷ್ಟು ಅಡಿಗೆ ನೀರು ಬಿತ್ತು? ನೀರಿಗೆ ನಿಲ್ಲದೆ ಕೊರೆಯುತ್ತಲೇ ಹೋದರೆ ಬಿಸಿ ಸಿಗುತ್ತದೆ. ಭೂಮಿ ಹುಟ್ಟಿದಾಗಿನ ಕಾವು ಇನ್ನೂ ಒಳಗಿದೆ. ಬಂಡೆಗಳಲ್ಲಿರುವ ಯುರೇನಿಯಂ, ಥೋರಿಯಂಗಳೂ ಸದಾ ಶಾಖ ಹೊಮ್ಮಿಸುತ್ತಿರುತ್ತವೆ.

ಈ ಶಾಖದಿಂದ ವಿದ್ಯುತ್ ತೆಗೆಯುವ ಬಗೆ ಹೊಸದೇನಲ್ಲ. ಬಳ್ಳಾರಿಯ ಕುಡತಿನಿಯಲ್ಲಿ ಕಲ್ಲಿದ್ದಲು ಸುಟ್ಟು ಹಬೆ ಮಾಡಿ ಟರ್ಬೈನ್ ತಿರುಗಿಸುತ್ತಾರೆ. ಭೂಶಾಖ ಸ್ಥಾವರದಲ್ಲಿ ಆ ಒಲೆ ನೆಲದೊಳಗಿರುತ್ತದೆ, ಅಷ್ಟೆ. ಇಟಲಿಯ ಲಾರ್ಡರೆಲ್ಲೊದಲ್ಲಿ ನೆಲದಿಂದ ತಾನಾಗಿ ಚಿಮ್ಮುವ ಹಬೆಯಿಂದ 1904ರಲ್ಲೇ ಐದು ಬಲ್ಬು ಉರಿಸಿದ್ದರು. ಹಬೆಯ ಬದಲು ಕುದಿನೀರು ಸಿಕ್ಕಿದರೆ ಒತ್ತಡ ಇಳಿಸಿ ಹಬೆಯಾಗಿಸುತ್ತಾರೆ. ನೀರು ಅಷ್ಟು ಬಿಸಿಯಿಲ್ಲದಿದ್ದರೆ, ಕಡಿಮೆ ಕಾವಿಗೇ ಕುದಿಯುವ ಬೇರೊಂದು ದ್ರವಕ್ಕೆ ಅದರ ಶಾಖ ದಾಟಿಸಿ, ಆ ಆವಿಯಿಂದ ಟರ್ಬೈನ್ ಓಡಿಸುತ್ತಾರೆ. ಬಳಸಿದ ನೀರನ್ನು ಸಾಮಾನ್ಯವಾಗಿ ಮತ್ತೆ ನೆಲಕ್ಕೇ ಇಳಿಸುತ್ತಾರೆ.

ಹಾಗಾದರೆ ನಮ್ಮಲ್ಲೇಕಿಲ್ಲ? ಉತ್ತರವಿರುವುದು ಕೋಲಾರದ ಚಿನ್ನದ ಗಣಿಯಲ್ಲಿ. 2001ರಲ್ಲಿ ಮುಚ್ಚಿದ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅದರ ತಳದ ಬಂಡೆಯ ಉಷ್ಣತೆ ಸುಮಾರು 66 ಡಿಗ್ರಿ. ಕಾರ್ಮಿಕರಿಗೆ ಅದು ನರಕವೇ ಆಗಿತ್ತು. ತಂಪು ಮಾಡಿದ ಗಾಳಿಯನ್ನು ಕೆಳಕ್ಕೆ ಕಳಿಸಬೇಕಿತ್ತು. ಅಂದರೆ ಭೂಶಾಖ ಅಲ್ಲಿ ವಿದ್ಯುತ್ ಕೊಡಲಿಲ್ಲ, ತಿಂದಿತು! ಆದರೂ ವಿಜ್ಞಾನಿಯ ಕಣ್ಣಿಗೆ ಅದು ತಣ್ಣನೆಯ ನೆಲವೇ. ಲೋಕದಲ್ಲಿ ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಕಾವು ಏರಿದರೆ, ಕೋಲಾರದಲ್ಲಿ ಏರುವುದು ಸುಮಾರು 12. ಕೋಲಾರವೂ ದಾವಣಗೆರೆ, ಹರಿಹರಗಳೂ ಕೂತಿರುವುದು ಧಾರವಾಡ ಕ್ರೇಟಾನ್ ಎಂಬ ಒಂದೇ ಪುರಾತನ ಶಿಲಾನೆಲೆಯ ಮೇಲೆ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯ, ದಪ್ಪ ಕಲ್ಲು. ಕೋಲಾರದ ಲೆಕ್ಕವನ್ನೇ ಇಲ್ಲಿಗೂ ಹಿಡಿದರೆ, ವಿದ್ಯುತ್ತಿಗೆ ಒಗ್ಗುವ 150 ಡಿಗ್ರಿ ಮುಟ್ಟಲು ಹತ್ತು ಕಿಲೋಮೀಟರು ಕೊರೆಯಬೇಕು. ರಷ್ಯಾದ ಕೋಲಾದಲ್ಲಿ 12 ಕಿಲೋಮೀಟರಿಗಿಂತ ತುಸು ಹೆಚ್ಚು ಕೊರೆಯಲು ಹತ್ತೊಂಬತ್ತು ವರ್ಷ ಹಿಡಿಯಿತು.

ಅಲಾಸ್ಕಾದ ಚೇನಾ (Chena) ಎಂಬಲ್ಲಿ 74 ಡಿಗ್ರಿ ನೀರಿನಿಂದಲೇ 2006ರಿಂದ ವಿದ್ಯುತ್ ತೆಗೆಯುತ್ತಿದ್ದಾರಲ್ಲ ಎನ್ನಬಹುದು. ಆದರೆ ಆ ಬಿಸಿನೀರು ಅಲ್ಲಿ ಮೇಲ್ಮೈ ಹತ್ತಿರವೇ ಇದೆ, ಆವಿಯನ್ನು ಮತ್ತೆ ದ್ರವವಾಗಿಸಲು ಮಂಜಿನಷ್ಟು ತಣ್ಣನೆಯ ನೀರೂ ಪಕ್ಕದಲ್ಲೇ ಇದೆ. ಬಿಸಿಗೂ ತಂಪಿಗೂ ಅಂತರ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು. ಹರಿಹರದ ಬಿಸಿಲಲ್ಲಿ ಹರಿಯುವ ತುಂಗಭದ್ರೆಗೆ ಆ ತಂಪು ಎಲ್ಲಿಂದ ಬರಬೇಕು? ಇನ್ನು ಪುತ್ತೂರು ತಾಲ್ಲೂಕಿನ ಬೆಂದ್ರ್‌ತೀರ್ಥ ಎಂಬ ಬುಗ್ಗೆಯ ಬಿಸಿನೀರು ಸ್ನಾನಕ್ಕೆ ಹಿತ, ಟರ್ಬೈನಿಗೆ ಸಾಲದು.

ಭಾರತದಲ್ಲಿ ಹೆಚ್ಚಿನ ಆಸೆಯಿರುವುದು ಲಡಾಖಿನ ಪುಗಾ ಕಣಿವೆಯ ಮೇಲೆ. ಅಲ್ಲಿ ಒಂದು ಮೆಗಾವ್ಯಾಟ್ ಸ್ಥಾವರಕ್ಕೆಂದು ಒಎನ್‌ಜಿಸಿ 2021ರಲ್ಲಿ ಒಪ್ಪಂದ ಮಾಡಿಕೊಂಡಿತು. ನಮ್ಮ ಈ ತಣ್ಣನೆಯ ಹಳೆ ಕಲ್ಲನ್ನು ಹೊತ್ತ ಭೂಫಲಕವೇ ಉತ್ತರಕ್ಕೆ ಸಾಗಿ ಏಷ್ಯಾಕ್ಕೆ ಗುದ್ದಿದ್ದರಿಂದ ಆ ಕಣಿವೆಯ ನೆಲ ಬಿರಿದು ಬಿಸಿನೀರಿಗೆ ದಾರಿಯಾಗಿದೆ.