ಅಂದಂದಿನ ಆಹಾರ, ಅಂದಂದಿನ ಲೆಕ್ಕ

ಕ್ರೈಸ್ತ ನಂಬಿಕೆಯನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಎರಡು ವಿಷಯಗಳ ಸುತ್ತಲೇ ಸುತ್ತುತ್ತದೆ. ಒಂದು ಮತಾಂತರ, ಇನ್ನೊಂದು ಮಿಷನರಿಗಳು ಕಟ್ಟಿದ ಶಾಲೆ, ಆಸ್ಪತ್ರೆಗಳು. ಈ ಎರಡರಲ್ಲಿಯೂ ಬಿಟ್ಟುಹೋಗುವ ಸಂಗತಿಯೆಂದರೆ ಸೋಮವಾರದಿಂದ ಶನಿವಾರದವರೆಗಿನ ಬದುಕು. ಭಾನುವಾರದ ಆರಾಧನೆ ಮುಗಿಸಿ ಮನೆಗೆ ಬಂದ ಗುಮಾಸ್ತ, ವೈದ್ಯ, ವ್ಯಾಪಾರಿ ಅಥವಾ ಅಧಿಕಾರಿ ಮರುದಿನ ತನ್ನ ಮೇಜಿನ ಮುಂದೆ ಕುಳಿತಾಗ ಆ ನಂಬಿಕೆ ಅವನಿಂದ ಏನನ್ನು ಅಪೇಕ್ಷಿಸುತ್ತದೆ? ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಅತ್ಯಂತ ಕಟ್ಟುನಿಟ್ಟಾದ ಉತ್ತರ ಕೊಟ್ಟವರಲ್ಲಿ ಒಬ್ಬರು ಪಾದ್ರಿಯಾಗಿರಲಿಲ್ಲ, ಲೆಕ್ಕಪರಿಶೋಧಕರಾಗಿದ್ದರು. ಅವರೇ ಜೆ.ಸಿ. ಕುಮಾರಪ್ಪ.

ಹೆಸರು ಕೇಳಿ ಅವರನ್ನು ಕನ್ನಡಿಗರೆಂದು ಭಾವಿಸುವವರುಂಟು. ಅವರು 1892ರ ಜನವರಿ 4ರಂದು ತಂಜಾವೂರಿನ ತಮಿಳು ಕ್ರೈಸ್ತ ಕುಟುಂಬವೊಂದರಲ್ಲಿ ಜನಿಸಿದರು. ಕಾರ್ನೆಲಿಯಸ್ ಎಂಬುದು ಮನೆತನದ ಹೆಸರಾಗಿತ್ತು. ಕುಮಾರಪ್ಪ ಎಂಬುದನ್ನು ಅನಂತರ ಸ್ವೀಕರಿಸಿದರು. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯ ತರಬೇತಿ ಪಡೆದು ಬಂದು ಬೊಂಬಾಯಿಯಲ್ಲಿ ಸ್ವಂತ ವೃತ್ತಿ ನಡೆಸಿದರು. ಮೂವತ್ತರ ವಯಸ್ಸು ದಾಟಿದ ಮೇಲೆ ಅಮೆರಿಕೆಗೆ ತೆರಳಿ ಸಿರಾಕ್ಯೂಸ್‌ನಲ್ಲಿ ವ್ಯವಹಾರಾಡಳಿತವನ್ನೂ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊ. ಸೆಲಿಗ್‌ಮನ್ ಅವರ ಬಳಿ ಸಾರ್ವಜನಿಕ ಹಣಕಾಸನ್ನೂ ಅಭ್ಯಾಸ ಮಾಡಿದರು. ಭಾರತದ ಬಡತನಕ್ಕೆ ಸರ್ಕಾರದ ಆಯವ್ಯಯ ನೀತಿಯೇ ಎಷ್ಟರಮಟ್ಟಿಗೆ ಕಾರಣ ಎಂಬುದನ್ನು ಅವರ ಪ್ರಬಂಧ ಶೋಧಿಸಿತು. ಸಾಮ್ರಾಜ್ಯದ ವಿಷಯದಲ್ಲಿ ಅದುವರೆಗೆ ಅವರಲ್ಲಿದ್ದ ಒಳ್ಳೆಯ ಅಭಿಪ್ರಾಯವನ್ನು ಅವರದೇ ಅಂಕಿಅಂಶಗಳು ಕೆಡಿಸಿದವು ಎನ್ನಬೇಕು.

ಆ ಪ್ರಬಂಧವನ್ನು ಹಿಡಿದುಕೊಂಡು 1929ರ ಮೇ 9ರಂದು ಅವರು ಸಾಬರಮತಿ ಆಶ್ರಮಕ್ಕೆ ಹೋದರು. ಮರದ ಕೆಳಗೆ ಸಗಣಿ ಸಾರಿಸಿದ ನೆಲದ ಮೇಲೆ ಕುಳಿತು ನೂಲುತ್ತಿದ್ದ ಮುದುಕರೊಬ್ಬರು, ಸೂಟು ಧರಿಸಿ ನಿಂತಿದ್ದ ಈ ಆಗಂತುಕರನ್ನು ನೋಡಿ, ನೀವೇನು ಕುಮಾರಪ್ಪ ಎಂದು ವಿಚಾರಿಸಿದ ಮೇಲಷ್ಟೇ ಅವರು ಗಾಂಧೀಜಿಯೆಂಬುದು ಇವರಿಗೆ ತಿಳಿದದ್ದು. ಪ್ರಬಂಧ ‘ಯಂಗ್ ಇಂಡಿಯಾ’ದಲ್ಲಿ ಪ್ರಕಟವಾಯಿತು. ಕುಮಾರಪ್ಪ ಗುಜರಾತ್ ವಿದ್ಯಾಪೀಠ ಸೇರಿ, ವಿದ್ಯಾರ್ಥಿಗಳೊಡನೆ ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮನೆಯ ಆದಾಯ, ಸಾಲ, ಕಂದಾಯಗಳನ್ನು ಬರೆದುಕೊಂಡರು. ಕಂದಾಯ ಇಲಾಖೆಯ ದಾಖಲೆಗಳನ್ನು ಬಲ್ಲ ಯಾರಿಗಾದರೂ ಆ ಸಮೀಕ್ಷೆಯ ಶ್ರಮ ಅರ್ಥವಾದೀತು. ರೈತನ ಮನೆಯ ಲೆಕ್ಕವನ್ನು ರೈತನ ಪಕ್ಕದಲ್ಲಿ ಕುಳಿತು ಬರೆಯುವುದು ಬೇರೆ, ಕಚೇರಿಗೆ ಬಂದ ತಃಖ್ತೆಯನ್ನು ಕೂಡಿಸುವುದು ಬೇರೆ.

ನಮ್ಮ ಎಂ.ಎ. ತರಗತಿಯಲ್ಲಿ ಮಾರ್ಷಲ್ ಇದ್ದರು, ಕೇನ್ಸ್ ಇದ್ದರು. ಕುಮಾರಪ್ಪನವರ ಹೆಸರು ಒಮ್ಮೆಯೂ ಕೇಳಿಬರಲಿಲ್ಲ. ಅವರ ಪುಸ್ತಕಗಳನ್ನು ನಾನು ಓದಿದ್ದು ನಿವೃತ್ತಿಯ ಅನಂತರ. ಓದುತ್ತ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಗ್ರಾಮೋದ್ಯೋಗದ ವಾದಗಳಿಗಿಂತ ಹೆಚ್ಚಾಗಿ, ಆ ವಾದಗಳ ತಳದಲ್ಲಿದ್ದ ಯೇಸುಸ್ವಾಮಿಯ ಬೋಧನೆ.

1942ರ ಚಳವಳಿಯ ತರುವಾಯ ಜಬಲ್ಪುರದ ಸೆರೆಮನೆಯಲ್ಲಿದ್ದಾಗ ಅವರು ಯೇಸುವಿನ ಆಚರಣೆ ಮತ್ತು ಬೋಧನೆಗಳನ್ನು ಕುರಿತು ಒಂದು ಪುಸ್ತಕವನ್ನೂ, ಶಾಶ್ವತತೆಯ ಅರ್ಥವ್ಯವಸ್ಥೆಯನ್ನು ಕುರಿತು ಇನ್ನೊಂದನ್ನೂ ಬರೆದರು. ಎರಡಕ್ಕೂ ಗಾಂಧೀಜಿ 1945ರಲ್ಲಿ ಮುನ್ನುಡಿ ಬರೆದುಕೊಟ್ಟರು. ಒಂದೇ ಕೊಠಡಿಯಲ್ಲಿ, ಒಂದೇ ಲೇಖನಿಯಿಂದ ಸುವಾರ್ತೆಯ ವ್ಯಾಖ್ಯಾನವೂ ಅರ್ಥಶಾಸ್ತ್ರವೂ ಹುಟ್ಟಿದ್ದು ಆಕಸ್ಮಿಕವಲ್ಲ. ಎರಡನೆಯ ಪುಸ್ತಕದಲ್ಲಿ ಅವರು ಪ್ರಕೃತಿಯನ್ನು ನೋಡಿ ಅರ್ಥವ್ಯವಸ್ಥೆಗಳನ್ನು ಐದು ಬಗೆಯಾಗಿ ವಿಂಗಡಿಸುತ್ತಾರೆ. ಕುರಿಯನ್ನು ಕೊಂದು ತಿನ್ನುವ ಹುಲಿ ತನ್ನ ಆಹಾರದ ಮೂಲವನ್ನೇ ನಾಶಮಾಡುತ್ತದೆ. ಮಾವಿನ ತೋಪಿಗೆ ನುಗ್ಗುವ ಕೋತಿ ಮರವನ್ನು ಕೊಲ್ಲುವುದಿಲ್ಲ, ಆದರೆ ನೀರನ್ನೂ ಹಾಕುವುದಿಲ್ಲ. ಗೂಡು ಕಟ್ಟುವ ಹಕ್ಕಿ ತನ್ನ ದುಡಿಮೆಯ ಫಲವನ್ನು ತಾನು ಪಡೆಯುತ್ತದೆ. ಜೇನ್ನೊಣ ದುಡಿಯುವುದು ಇಡೀ ಗೂಡಿಗಾಗಿ. ಕೊನೆಯದು, ಮರಿಗೆ ಗುಟುಕು ಕೊಡುವ ತಾಯಿ. ಪ್ರತಿಫಲದ ಲೆಕ್ಕವೇ ಅಲ್ಲಿಲ್ಲ. ಪ್ರೀತಿ ಎಂಬ ಪದವನ್ನು ಉಪದೇಶದ ವೇದಿಕೆಯಿಂದ ಇಳಿಸಿ ಉತ್ಪಾದನೆ, ಅನುಭೋಗಗಳ ನಡುವೆ ತಂದು ನಿಲ್ಲಿಸಿದ ಅರ್ಥಶಾಸ್ತ್ರಜ್ಞರು ಹೆಚ್ಚು ಮಂದಿ ಇಲ್ಲ.

ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಬೇಡುವುದು ಆ ದಿನಕ್ಕೆ ಬೇಕಾದ ಆಹಾರವನ್ನು. ವರ್ಷದ ದಾಸ್ತಾನನ್ನಲ್ಲ. ಅದೂ ‘ನನಗೆ’ ಎಂದಲ್ಲ, ‘ನಮಗೆ’ ಎಂದು. ಮರುಭೂಮಿಯಲ್ಲಿ ಇಸ್ರಾಯೇಲ್ಯರು ಮರುದಿನಕ್ಕೆಂದು ಬಚ್ಚಿಟ್ಟ ಮನ್ನ ಹುಳುಬಿದ್ದು ನಾರಿತೆಂಬ ಕಥೆ ಇದರ ಹಿಂದಿದೆ. ಉಳಿತಾಯವನ್ನೇ ಬಂಡವಾಳದ ತಾಯಿಯೆಂದು ಕಲಿತ ನನ್ನಂಥವನಿಗೆ ಇದು ಸುಲಭವಾಗಿ ಜೀರ್ಣವಾಗುವ ಮಾತಲ್ಲ. ತಿಂಗಳ ಮೊದಲ ದಿನ ಪಿಂಚಣಿ ಎಣಿಸುವವನು ಅಂದಂದಿನ ಆಹಾರವನ್ನು ಬೇಡುವುದರಲ್ಲಿ ಸ್ವಲ್ಪ ನಟನೆಯೂ ಇದ್ದೀತು. ಕುಮಾರಪ್ಪನವರು ಈ ಗಂಟನ್ನು ಬಿಡಿಸಲು ನೆರವಾಗುತ್ತಾರೆ. ಕಲ್ಲಿದ್ದಲು, ಪೆಟ್ರೋಲಿಯಂಗಳು ಒಮ್ಮೆ ಬಳಸಿದರೆ ಬರಿದಾಗುವ ತೊಟ್ಟಿ. ಮರ, ಬೆಳೆ, ಹರಿವ ನೀರು ವರ್ಷವರ್ಷವೂ ಬರುವ ಪ್ರವಾಹ. ತೊಟ್ಟಿಗಾಗಿ ಕಾದಾಟ ನಡೆಯುತ್ತದೆ, ಪ್ರವಾಹದೊಡನೆ ಸಹಬಾಳ್ವೆ ಸಾಧ್ಯ ಎಂಬುದು ಅವರ ವಾದ. ಪರಿಸರದ ಮಾತು ಫ್ಯಾಷನ್ ಆಗುವ ಎಷ್ಟೋ ದಶಕಗಳ ಮೊದಲೇ ಅವರು ವಾರ್ಧಾದ ಮಗನ್‌ವಾಡಿಯಲ್ಲಿ ಸೀಮೆಎಣ್ಣೆಗೆ ಬದಲಾಗಿ ಸಸ್ಯದ ಎಣ್ಣೆಯಿಂದ ಉರಿಯುವ ದೀಪವನ್ನು ರೂಪಿಸುವುದರಲ್ಲಿ ತೊಡಗಿದ್ದರು.

ಈ ನಂಬಿಕೆ ಅವರನ್ನು ಸೌಮ್ಯರನ್ನಾಗಿ ಮಾಡಲಿಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹಿಗಳ ಮೇಲೆ ಲಾಠಿಗಳು ಬೀಳುತ್ತಿದ್ದಾಗ ಮಿಷನರಿಗಳು ಏಕೆ ಮೌನವಾಗಿದ್ದಾರೆಂದು ಅವರು ಬಹಿರಂಗವಾಗಿ ಕೇಳಿದರು. ಕಾನೂನುಭಂಗ ಕ್ರಿಸ್ತನ ಬೋಧನೆಗೆ ಹೊಂದುವುದಿಲ್ಲವೆಂದ ಕಲ್ಕತ್ತೆಯ ಬಿಷಪ್ ವೆಸ್ಟ್‌ಕಾಟ್ ಅವರೊಡನೆ ಪತ್ರಮುಖೇನ ವಾದಕ್ಕಿಳಿದರು. ಸ್ವಂತ ಸಭೆಯ ಹಿರಿಯರನ್ನು ಎದುರುಹಾಕಿಕೊಳ್ಳುವುದು ಅನ್ಯರನ್ನು ಎದುರಿಸುವುದಕ್ಕಿಂತ ಕಷ್ಟದ ಕೆಲಸ. ಇನ್ನು ಗಾಂಧೀಜಿಯವರಿಗೂ ಅವರಿಂದ ರಿಯಾಯಿತಿ ಇರಲಿಲ್ಲ. 1934ರ ಜನವರಿ 15ರ ಬಿಹಾರ ಭೂಕಂಪದ ಪರಿಹಾರ ನಿಧಿಯ ಲೆಕ್ಕಪತ್ರಗಳ ಹೊಣೆ ಅವರದಾಗಿತ್ತು. ಗಾಂಧೀಜಿ ಮತ್ತವರ ಪರಿವಾರ ಬಂದಾಗ ಆ ವೆಚ್ಚವನ್ನು ಸಂತ್ರಸ್ತರ ನಿಧಿಯಿಂದ ಭರಿಸಲಾಗದೆಂದು ಅವರು ತಿಳಿಸಿದ ಪ್ರಸಂಗ ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ಸಾರ್ವಜನಿಕ ಹಣವನ್ನು ನಿರ್ವಹಿಸಿದವರಿಗೆ ಇದರ ತೂಕ ತಿಳಿಯುತ್ತದೆ. ಗಣ್ಯರ ಭೇಟಿಯ ಖರ್ಚನ್ನು ಯಾವ ಲೆಕ್ಕಶೀರ್ಷಿಕೆಯಡಿ ಸೇರಿಸಬಹುದೆಂದು ಹುಡುಕುವುದೇ ನಾನು ಕಂಡ ಆಡಳಿತದ ದೊಡ್ಡ ಜಾಣತನವಾಗಿತ್ತು.

ಅವರ ಎಲ್ಲ ನಿಲುವುಗಳನ್ನೂ ನಾನು ಒಪ್ಪಲಾರೆ. ಟ್ರ್ಯಾಕ್ಟರು, ರಾಸಾಯನಿಕ ಗೊಬ್ಬರಗಳನ್ನು ಅವರು ವಿರೋಧಿಸಿದರು. ಅರುವತ್ತರ ದಶಕದ ಆಹಾರದ ಕೊರತೆಯನ್ನು ಹಳೆಯ ಬೇಸಾಯದಿಂದಷ್ಟೇ ನೀಗಿಸಬಹುದಿತ್ತೆಂದು ನಂಬುವುದು ನನಗೆ ಕಷ್ಟ. ದೊಡ್ಡ ಪ್ರಮಾಣದ ಉತ್ಪಾದನೆಯೆಲ್ಲವೂ ಹಿಂಸೆಯೆಂಬ ಅವರ ಧೋರಣೆಯೂ ಅತಿಯಾಯಿತು. ಆದರೆ, ನಾನು ಉಣ್ಣುವ ಅನ್ನದ, ತೊಡುವ ಬಟ್ಟೆಯ ಹಿಂದೆ ಯಾರ ಶೋಷಣೆಯಾಗಿದೆಯೋ ಅದರಲ್ಲಿ ನಾನೂ ಪಾಲುದಾರನೆಂಬ ಅವರ ಮಾತಿಗೆ ನನ್ನ ಅರ್ಥಶಾಸ್ತ್ರದಲ್ಲಿ ಉತ್ತರವಿಲ್ಲ.

ಮತ್ತಾಯನ ಸುವಾರ್ತೆಯಲ್ಲಿ ದ್ರಾಕ್ಷಿತೋಟದ ಒಡೆಯನ ಸಾಮ್ಯವೊಂದಿದೆ. ಬೆಳಗ್ಗೆ ಬಂದವನಿಗೂ ಸಂಜೆ ಐದು ಗಂಟೆಗೆ ಬಂದವನಿಗೂ ಅವನು ಒಂದೇ ಕೂಲಿ ಕೊಡುತ್ತಾನೆ. ಸೀಮಾಂತ ಉತ್ಪಾದಕತೆಯ ಸಿದ್ಧಾಂತ ಓದಿದವನಿಗೆ ಇದು ಶುದ್ಧ ಅನ್ಯಾಯ. ಜಾನ್ ರಸ್ಕಿನ್ ತನ್ನ ಪುಸ್ತಕದ ಹೆಸರನ್ನು ಈ ಸಾಮ್ಯದಿಂದಲೇ ಆರಿಸಿಕೊಂಡ. 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಅದನ್ನೋದಿದ ಗಾಂಧೀಜಿಯವರ ಜೀವನದ ದಿಕ್ಕೇ ಬದಲಾಯಿತು. ಒಡೆಯ ಅಳೆದದ್ದು ದುಡಿಮೆಯ ಗಂಟೆಗಳನ್ನಲ್ಲ, ಆ ರಾತ್ರಿ ಒಂದು ಮನೆಯಲ್ಲಿ ಒಲೆ ಉರಿಯಲು ಬೇಕಾದಷ್ಟನ್ನು. ಅಂದಂದಿನ ಆಹಾರದ ಪ್ರಾರ್ಥನೆಯನ್ನು ಇಲ್ಲಿ ಮನುಷ್ಯನೊಬ್ಬ ಇನ್ನೊಬ್ಬನಿಗಾಗಿ ನೆರವೇರಿಸುತ್ತಾನೆ.

ನಗರದ ಒಂದು ಸಭೆಯ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಕೆಲಸ ನಿವೃತ್ತಿಯಾದ ಮೇಲೆ ನನ್ನ ಪಾಲಿಗೆ ಬಂದಿದೆ. ಕಳೆದ ವರ್ಷದ ಖರ್ಚಿನ ಪಟ್ಟಿಯಲ್ಲಿ ಕ್ರಿಸ್ಮಸ್ ದೀಪಾಲಂಕಾರಕ್ಕೆ ಬಿದ್ದ ಮೊತ್ತವೂ, ಆವರಣ ಗುಡಿಸುವ ಹೆಂಗಸಿನ ಇಡೀ ವರ್ಷದ ಸಂಬಳವೂ ಹೆಚ್ಚುಕಡಿಮೆ ಸಮವಾಗಿದ್ದವು. ಸಂಬಳವನ್ನು ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿಯ ದರಕ್ಕಾದರೂ ಏರಿಸಬೇಕೆಂದು ನಾನು ಸಮಿತಿಯ ಮುಂದಿಟ್ಟೆ. ಆಕೆ ಬರುವುದು ಅರ್ಧ ದಿನ ಮಾತ್ರವಲ್ಲವೇ ಎಂದರು ಒಬ್ಬರು. ಅರ್ಧ ದಿನವೆಂದರೆ ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಎಂದು ಹಾಜರಿ ಪುಸ್ತಕ ತೋರಿಸಿದೆ. ಅಲಂಕಾರ ಕಡಿಮೆಯಾದರೆ ಯುವಕರು ಬೇಸರಪಡುತ್ತಾರೆ ಎಂದರು ಇನ್ನೊಬ್ಬರು. ಅದುವರೆಗೆ ಸುಮ್ಮನಿದ್ದ, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಹಿರಿಯ ಅಮ್ಮನವರು, ‘ಸಾರ್, ಆಕೆಗೆ ಮಕ್ಕಳೆಷ್ಟು?’ ಎಂದು ನನ್ನನ್ನೇ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ‘ಹಾಗಾದರೆ ಮೊದಲು ಅದನ್ನು ಕೇಳಿಕೊಂಡು ಬನ್ನಿ, ಆಮೇಲೆ ಆಯವ್ಯಯ’ ಎಂದರು.

ಮೂರು ಮಕ್ಕಳು. ಹಿರಿಯವಳು ಹತ್ತನೆಯ ತರಗತಿಯಲ್ಲಿದ್ದಾಳೆ. ಸಮಿತಿ ಮುಂದಿನ ತಿಂಗಳು ಮತ್ತೆ ಸೇರುತ್ತದೆ.