ಇಂಗ್ಲಿಷಿನ ಕರ್ತೃ–ಕ್ರಿಯಾಪದ ಸಂಬಂಧ: ನಿಯಮವೂ ಪ್ರಾಂತಭೇದವೂ

ಉದ್ಯೋಗನಿಮಿತ್ತವಾಗಿ ಹೊರನಾಡಿನ ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗನಿಗೆ ದಿನವೊಂದರಲ್ಲಿ ಮೂರು ಭಾಷೆಗಳಾದರೂ ಬೇಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಆಯಾ ಊರಿನ ಭಾಷೆ, ಕಚೇರಿಯಲ್ಲಿ ಇಂಗ್ಲಿಷ್. ಮರಾಠಿಯಲ್ಲಿಯೋ ತಮಿಳಿನಲ್ಲಿಯೋ ಆದ ತಪ್ಪನ್ನು ಕೇಳಿದವರು ನಕ್ಕು ಮರೆಯುತ್ತಾರೆ. ಇಂಗ್ಲಿಷಿನಲ್ಲಿ ತಪ್ಪಿದರೆ ಮಾತ್ರ ಆಡಿದವನ ವಿದ್ಯೆಯನ್ನೇ ಶಂಕಿಸುವುದುಂಟು. 'ಹೀ ಡೋಂಟ್ ನೋ' ಎಂದು ಬಾಯ್ತಪ್ಪಿ ನುಡಿದ ತಂದೆಯನ್ನು ಶಾಲೆಗೆ ಹೋಗುವ ಮಗನು ಅತಿಥಿಗಳೆದುರಿಗೇ ತಿದ್ದುತ್ತಾನೆ. ಆದುದರಿಂದ ಈ ನಿಯಮವೇನು, ಎಲ್ಲಿಂದ ಬಂದಿತು, ಅದರ ಅಧಿಕಾರ ಎಲ್ಲಿಯವರೆಗೆ ಎಂಬುದನ್ನು ಅರಿಯುವುದು ಉಚಿತ.

ನಿಯಮದ ಸ್ವರೂಪ

ಕನ್ನಡದ ಕ್ರಿಯಾಪದವು ಈ ವಿಷಯದಲ್ಲಿ ಬಹು ಶ್ರೀಮಂತ. ಬಂದೆನು, ಬಂದನು, ಬಂದಳು, ಬಂದಿತು, ಬಂದರು, ಬಂದವು – ಕರ್ತೃಪದವನ್ನು ಹೇಳದಿದ್ದರೂ ಬಂದವರು ಯಾರೆಂಬುದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ 'ಕೇಮ್' ಒಂದೇ. ಅಲ್ಲಿ ಉಳಿದಿರುವುದು ವರ್ತಮಾನಕಾಲದ ಅನ್ಯಪುರುಷ ಏಕವಚನಕ್ಕೆ ಹತ್ತುವ 'ಸ್' ಪ್ರತ್ಯಯ. ಅದರೊಡನೆ ಆಮ್, ಈಸ್, ಆರ್, ವಾಸ್, ವರ್ ಎಂಬ ರೂಪಗಳು. ಕ್ಯಾನ್, ವಿಲ್, ಮಸ್ಟ್ ಮುಂತಾದವು ಯಾರಿಗೂ ಬದಲಾಗುವುದಿಲ್ಲ.

ಇಷ್ಟು ಸಣ್ಣ ನಿಯಮದಲ್ಲಿ ಕನ್ನಡಿಗನು ಎಡವುವುದೇಕೆ? ಮೊದಲನೆಯದಾಗಿ, ನಾಮಪದದಲ್ಲಿ ಬಹುವಚನವನ್ನು ಸೂಚಿಸುವ ಅದೇ ಧ್ವನಿ ಕ್ರಿಯಾಪದದಲ್ಲಿ ಏಕವಚನವನ್ನು ಸೂಚಿಸುತ್ತದೆ: 'ದಿ ಕ್ಲರ್ಕ್ ರೈಟ್ಸ್', ಆದರೆ 'ದಿ ಕ್ಲರ್ಕ್ಸ್ ರೈಟ್'. ಎರಡನೆಯದು ಪದಕ್ರಮ. 'ದಾಖಲೆಗಳ ಪಟ್ಟಿ' ಎಂಬಲ್ಲಿ ಮುಖ್ಯಪದವಾದ ಪಟ್ಟಿಯು ಕೊನೆಗೆ, ಕ್ರಿಯಾಪದದ ಸಮೀಪಕ್ಕೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಮೊದಲೇ ಬಂದು, ಬಹುವಚನದ 'ಡಾಕ್ಯುಮೆಂಟ್ಸ್' ಕ್ರಿಯಾಪದಕ್ಕೆ ತಗುಲಿ ನಿಲ್ಲುತ್ತದೆ. ಸಮೀಪದ ಪದವನ್ನೇ ಕರ್ತೃವೆಂದು ಬಗೆದು 'ಆರ್ ಎನ್‌ಕ್ಲೋಸ್ಡ್' ಎಂದು ಬರೆದುಬಿಡುತ್ತೇವೆ. ಬರೆಯಬೇಕಾದುದು 'ದಿ ಲಿಸ್ಟ್ ಆಫ್ ಡಾಕ್ಯುಮೆಂಟ್ಸ್ ಈಸ್ ಎನ್‌ಕ್ಲೋಸ್ಡ್'. 'ಒನ್ ಆಫ್ ದಿ ಚೆಕ್ಸ್ ಹ್ಯಾಸ್ ಬೀನ್ ರಿಟರ್ನ್ಡ್' ಎಂಬುದೂ ಹೀಗೆಯೇ: ಮರಳಿದ ಚೆಕ್ಕು ಒಂದು, ಆದುದರಿಂದ 'ಹ್ಯಾಸ್'.

ಹಣದ ಮೊತ್ತವನ್ನು ಒಂದೇ ಘಟಕವಾಗಿ ಭಾವಿಸಿದಾಗ 'ಟೆನ್ ಥೌಸಂಡ್ ರುಪೀಸ್ ಈಸ್' ಎಂಬ ಏಕವಚನವೇ ಸಾಧು. 'ಹತ್ತು ಸಾವಿರ ರೂಪಾಯಿ ಆಯಿತು' ಎನ್ನುವ ಕನ್ನಡಿಗನಿಗೆ ಇದು ಸಹಜವಾಗಿಯೇ ತೋರುವುದು.

ಪ್ರಾಂತಭೇದಗಳು

ವಿದ್ವಾಂಸರ ಬರವಣಿಗೆಯಲ್ಲಿಯೂ ಎಲ್ಲೆಡೆ ಒಂದೇ ಪದ್ಧತಿಯಿಲ್ಲ. ತಂಡ, ಸಮಿತಿ, ಸರಕಾರ ಮುಂತಾದ ಸಮೂಹವಾಚಕಗಳಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಏಕವಚನ. ಬ್ರಿಟನ್ನಿನಲ್ಲಿ ಸದಸ್ಯರು ಮನಸ್ಸಿನಲ್ಲಿದ್ದರೆ ಬಹುವಚನವೂ ಸಲ್ಲುತ್ತದೆ. ಕ್ರಿಕೆಟ್ ವೀಕ್ಷಕ ವಿವರಣೆಯ 'ಇಂಡಿಯಾ ನೀಡ್ ಟ್ವೆಂಟಿ ರನ್ಸ್' ಎಂಬ ಮಾತು ಈ ಬ್ರಿಟಿಷ್ ಪದ್ಧತಿಗೆ ಸೇರಿದುದು. ಎರಡೂ ಸರಿ. ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಬಾರದು, ಅಷ್ಟೆ.

ಜನಸಾಮಾನ್ಯರ ಆಡುಮಾತಿಗೆ ಬಂದರೆ ಇಂಗ್ಲಿಷರ ಸ್ವದೇಶದಲ್ಲಿಯೇ ವೈವಿಧ್ಯವಿದೆ. ಪೂರ್ವದ ನಾರ್ಫೋಕ್ ಪ್ರಾಂತದ ಗ್ರಾಮ್ಯ ನುಡಿಯಲ್ಲಿ 'ಸ್' ಬಿಟ್ಟು 'ಹೀ ಗೋ' ಎನ್ನುವುದುಂಟು. ಯಾರ್ಕ್‌ಷೈರಿನಲ್ಲಿ 'ಐ ವರ್', 'ಇಟ್ ವರ್' ಎಂಬುದು ಕೇಳಿಬರುತ್ತದೆ. ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಸಾಂಪ್ರದಾಯಿಕ ನುಡಿಯಲ್ಲಿ ಸರ್ವನಾಮವಾದರೆ 'ದೇ ಸಿಂಗ್', ನಾಮಪದವಾದರೆ 'ದಿ ಬರ್ಡ್ಸ್ ಸಿಂಗ್ಸ್'. ಇದು ಅಜ್ಞಾನವಲ್ಲ, ಶತಮಾನಗಳಿಂದ ಪಾಲಿಸಿಕೊಂಡು ಬಂದ ಬೇರೊಂದು ವ್ಯಾಕರಣ.

ಇತಿಹಾಸವು ಇನ್ನೂ ಸ್ವಾರಸ್ಯಕರ. 1611ರ ಇಂಗ್ಲಿಷ್ ಬೈಬಲ್ ಭಾಷಾಂತರದಲ್ಲಿ 'ಗೋಯೆತ್' ಎಂಬಂಥ ರೂಪಗಳೇ ಇವೆ. ಇಂದು ಪರೀಕ್ಷೆಯಲ್ಲಿ ಅಂಕಗಳನ್ನು ಕಳೆಯುವ 'ಸ್' ಪ್ರತ್ಯಯವು ಉತ್ತರದ ಪ್ರಾಂತಗಳಿಂದ ದಕ್ಷಿಣಕ್ಕೆ ಬಂದು ನೆಲೆಯೂರಿದುದು. ಇನ್ನು 'ಯೂ' ಎಂಬುದು ಮೂಲತಃ ಬಹುವಚನ. ನಮ್ಮ 'ನೀವು' ಎಂಬಂತೆ ಗೌರವಾರ್ಥದಲ್ಲಿ ಒಬ್ಬರಿಗೂ ಬಳಕೆಯಾಗಿ, ಕ್ರಮೇಣ ಏಕವಚನದ 'ದೌ' ಪದವನ್ನೇ ಹೊರದೂಡಿತು. ಹದಿನೆಂಟನೆಯ ಶತಮಾನದಲ್ಲಿ ಒಬ್ಬನನ್ನುದ್ದೇಶಿಸಿ 'ಯೂ ವಾಸ್' ಎನ್ನುವವರು ಸುಶಿಕ್ಷಿತರಲ್ಲಿಯೂ ಇದ್ದರು. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರಲ್ಲಿ ಪ್ರಕಟಿಸಿದ ವ್ಯಾಕರಣಗ್ರಂಥದಲ್ಲಿ ಅದನ್ನು ಖಂಡಿಸಿದನು. 'ಹೀ ಡೋಂಟ್' ಎಂಬುದಂತೂ ಒಂದು ಕಾಲಕ್ಕೆ ಇಂಗ್ಲೆಂಡಿನ ಕುಲೀನರ ಬಾಯಲ್ಲಿಯೇ ಇದ್ದಿತು.

ಭಾರತೀಯರು ಎಲ್ಲ ವಾಕ್ಯಗಳ ಕೊನೆಗೂ 'ಈಸಂಟ್ ಇಟ್' ಸೇರಿಸುತ್ತಾರೆಂಬ ಹಾಸ್ಯವುಂಟು. ಕನ್ನಡದ 'ಅಲ್ಲವೇ' ಯಾವ ಕರ್ತೃವಿಗೂ ಬದಲಾಗದು. ಅದೇ ರೂಢಿ ಇಂಗ್ಲಿಷಿಗೂ ಸಾಗಿತು. ಇಂಥ ಪ್ರಯೋಗವು ವೇಲ್ಸ್ ಪ್ರಾಂತದ ಇಂಗ್ಲಿಷಿನಲ್ಲಿಯೂ ಇದೆ.

ಮಾಡತಕ್ಕದ್ದೇನು?

ಹೊರನಾಡಿನ ಕನ್ನಡ ಸಂಘಗಳಲ್ಲಿ ಧಾರವಾಡದವರ 'ಬಂದಾನ', ಮಂಡ್ಯದವರ 'ಬಂದವ್ನೆ', ಪುಸ್ತಕದ 'ಬಂದಿದ್ದಾನೆ' ಒಂದೇ ಸಾಲಿನಲ್ಲಿ ಕುಳಿತು ಊಟಮಾಡುತ್ತವೆ. ಮೂರರಲ್ಲಿಯೂ ಪುಲ್ಲಿಂಗ ಏಕವಚನ ಸ್ಪಷ್ಟವಾಗಿದೆ, ಯಾವುದೂ ಅಶುದ್ಧವಲ್ಲ. ಆದರೂ ಸಂಘದ ವರದಿಯನ್ನು ಬರೆಯುವಾಗ ಎಲ್ಲರೂ ಗ್ರಂಥರೂಪವನ್ನೇ ಆಶ್ರಯಿಸುತ್ತಾರೆ. ಇಂಗ್ಲಿಷಿಗೂ ಈ ವಿವೇಕವೇ ಸಾಕು.

ಅರ್ಜಿ, ಕಚೇರಿಯ ಪತ್ರ, ಪರೀಕ್ಷೆಗಳಲ್ಲಿ ಶಿಷ್ಟರೂಪವನ್ನು ನಿಷ್ಠೆಯಿಂದ ಪಾಲಿಸತಕ್ಕದ್ದು. ಅಲ್ಲಿ ಓದುವವನಿಗೆ ಬರಹವೊಂದೇ ಸಾಕ್ಷಿ. ಅದಕ್ಕೆ ಸುಲಭೋಪಾಯವೆಂದರೆ, ಬರೆದ ಮೇಲೆ ಕರ್ತೃಪದವನ್ನು ಗುರುತಿಸಿ, ಅದಕ್ಕೂ ಕ್ರಿಯಾಪದಕ್ಕೂ ನಡುವಿನ ಪದಗಳನ್ನು ಬೆರಳಿನಿಂದ ಮರೆಮಾಡಿ ಓದುವುದು. 'ಲಿಸ್ಟ್ ಆರ್' ಎಂಬ ದೋಷವು ಕೂಡಲೇ ಕಣ್ಣಿಗೆ ಬೀಳುತ್ತದೆ.

ಮಾತಿನಲ್ಲಿಯಾದರೋ ಅರ್ಥವು ಮುಟ್ಟುವುದೇ ಮುಖ್ಯ. ಒಂದು 'ಸ್' ತಪ್ಪೀತೆಂಬ ಸಂಕೋಚದಿಂದ ಶಾಲೆಯ ಪಾಲಕರ ಸಭೆಯಲ್ಲಿ ಬಾಯಿ ತೆರೆಯದ ತಾಯಂದಿರಿದ್ದಾರೆ. ವೈದ್ಯರ ಮುಂದೆ ಎದೆನೋವು ಎಂದಿನಿಂದ ಎಂಬುದನ್ನು ಪೂರ್ತಿಯಾಗಿ ಹೇಳದೆ ಮರಳುವ ಹಿರಿಯರಿದ್ದಾರೆ. ವ್ಯಾಕರಣದೋಷಕ್ಕಿಂತ ಈ ಮೌನದಿಂದಾಗುವ ಹಾನಿ ದೊಡ್ಡದು. ಮಕ್ಕಳಿಗೆ ನಿಯಮವನ್ನು ಕಲಿಸುವಾಗ ಅದರ ಚರಿತ್ರೆಯನ್ನೂ ಎರಡು ಮಾತಿನಲ್ಲಿ ತಿಳಿಸಿದರೆ, ಅವರು ಹಿರಿಯರನ್ನು ನಾಲ್ಕು ಜನರೆದುರು ತಿದ್ದದೆ, ಮನೆಯಲ್ಲಿ ಮೆಲ್ಲಗೆ ತಿಳಿಹೇಳುವುದನ್ನು ಕಲಿಯುವರು.