ತೂಕ ಹೆಚ್ಚಾಗಿಲ್ಲ ಅಂದ್ರೆ ಶುಗರ್ ಬರಲ್ವಾ? ಅರವತ್ತು ದಾಟಿದವರು ಟೇಪು ಹಿಡಿಯಬೇಕಾದ ಕಾರಣ

"ಇಪ್ಪತ್ತು ವರ್ಷದಿಂದ ನನ್ನ ತೂಕ ಒಂದೇ ಸಮ ಇದೆ, ನನಗೆಲ್ಲಿಂದ ಶುಗರ್ ಬರುತ್ತೆ?" ಎನ್ನುವ ಹಿರಿಯರು ಎಲ್ಲ ಮನೆಗಳಲ್ಲೂ ಇದ್ದಾರೆ. ತೂಕದ ಯಂತ್ರ ಸುಳ್ಳು ಹೇಳುತ್ತಿಲ್ಲ. ಆದರೆ ಒಟ್ಟು ಎಷ್ಟು ಕೆಜಿ ಎಂದಷ್ಟೇ ಅದಕ್ಕೆ ಗೊತ್ತು. ಅದರಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂದು ಗೊತ್ತಿಲ್ಲ.

ವಯಸ್ಸಾದಂತೆ ಕೈಕಾಲಿನ ಸ್ನಾಯು ಕರಗುತ್ತದೆ, ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ. ಮೂರು ಕೆಜಿ ಹೋಗಿ ಮೂರು ಕೆಜಿ ಬಂದರೆ ಮುಳ್ಳು ಅಲುಗುವುದೇ ಇಲ್ಲ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ, ಮೊದಲು ತೊಡೆಯಲ್ಲಿ ಸೇರುತ್ತಿದ್ದ ಕೊಬ್ಬೂ ಹೊಟ್ಟೆಯ ಕಡೆ ತಿರುಗುತ್ತದೆ.

ಚರ್ಮದಡಿಯ ಕೊಬ್ಬಿಗಿಂತ ಕರುಳಿನ ಸುತ್ತ ಸೇರುವ ಕೊಬ್ಬು ಹೆಚ್ಚು ಅಪಾಯಕಾರಿ. ಅದು ಬಿಡುವ ಕೊಬ್ಬಿನಾಮ್ಲಗಳು ನೇರ ಲಿವರ್‌ಗೆ ಹೋಗುತ್ತವೆ. ಆಗ ಇನ್ಸುಲಿನ್ ಹೇಳಿದ್ದನ್ನು ಲಿವರ್ ಸರಿಯಾಗಿ ಕೇಳುವುದಿಲ್ಲ. ಇತ್ತ ಊಟದ ಸಕ್ಕರೆಯನ್ನು ತುಂಬಿಕೊಳ್ಳಬೇಕಾದ ಸ್ನಾಯುವೂ ಕಡಿಮೆಯಾಗಿರುತ್ತದೆ. ಸಕ್ಕರೆ, ಟ್ರೈಗ್ಲಿಸರೈಡ್, ಬಿಪಿ ಒಟ್ಟೊಟ್ಟಿಗೆ ಏರುವುದು ಹೀಗೆ.

ನಮ್ಮವರಿಗೆ ಇದು ಇನ್ನೂ ಮುಖ್ಯ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಬಂದಿತ್ತು: ಪುಣೆಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2! ದಕ್ಷಿಣ ಏಷ್ಯಾದ ಗಂಡಸರಿಗೆ ಎಚ್ಚರಿಕೆಯ ಗೆರೆ 90 ಸೆಂ.ಮೀ. (ಸುಮಾರು 35 ಇಂಚು), ಯುರೋಪಿನವರಿಗೆ 94. ನಮ್ಮ ಹೆಂಗಸರಿಗೆ 80 ಸೆಂ.ಮೀ., ಅಂದರೆ ಮೂವತ್ತೊಂದೂವರೆ ಇಂಚು.

"ನನ್ನ ಪ್ಯಾಂಟ್ 34, ಹಾಗಾದ್ರೆ ಪಾಸ್" ಅನ್ನಬೇಡಿ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಆ ಸೈಜು ಲೆಕ್ಕಕ್ಕಿಲ್ಲ. ದರ್ಜಿಯ ಟೇಪು ತೆಗೆದುಕೊಳ್ಳಿ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವೆ ಬರಿಮೈ ಮೇಲೆ ಸುತ್ತಿ. ಸಹಜವಾಗಿ ಉಸಿರು ಬಿಟ್ಟಾಗ ಓದಿ. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ನಮಗೇ.

ಟೇಪು ತೋರಿಸುವುದು ಸುಳಿವು ಮಾತ್ರ, ಕಾಯಿಲೆ ಇದೆ ಎಂಬ ತೀರ್ಪಲ್ಲ. ಬೆನ್ನು ಬಾಗಿ ಎತ್ತರ ಕುಗ್ಗಿದವರಲ್ಲಿ ಹೊಟ್ಟೆ ಮುಂದೆ ಬಂದು ಅಳತೆ ಹೆಚ್ಚು ಕಾಣಬಹುದು. ಗೆರೆ ದಾಟಿದ್ದರೆ ಖಾಲಿ ಹೊಟ್ಟೆಯ ಶುಗರ್, ಬಿಪಿ, ಕೊಲೆಸ್ಟ್ರಾಲ್ ನೋಡಿಸಿ. ಕೆಲವೇ ದಿನಗಳಲ್ಲಿ ಹೊಟ್ಟೆ ಉಬ್ಬಿದರೆ ಅದು ಕೊಬ್ಬಲ್ಲ, ನೀರು ತುಂಬಿರಬಹುದು. ತಡಮಾಡದೆ ವೈದ್ಯರ ಹತ್ತಿರ ಹೋಗಿ.

ಇನ್ನು ಜೀರಿಗೆ ನೀರು, ಹೊಟ್ಟೆ ಬೆಲ್ಟಿನ ಫಾರ್ವರ್ಡ್‌ಗಳು. ಬೆಲ್ಟ್ ಕಟ್ಟಿದರೆ ಒಳಗಿನ ಕೊಬ್ಬು ಕರಗುವುದಿಲ್ಲ, ಜೀರಿಗೆ ನೀರಿನಿಂದ ಬಾಯಾರಿಕೆ ತೀರುತ್ತದೆ, ಅಷ್ಟೇ. ಅಳತೆ ಹೆಚ್ಚಿದೆ ಎಂದು ಅಪ್ಪನೋ ಅಜ್ಜಿಯೋ ರಾತ್ರಿ ಊಟ ಬಿಡುವುದು ಇದಕ್ಕಿಂತ ಅಪಾಯ: ಉಳಿದ ಸ್ನಾಯುವೂ ಕರಗುತ್ತದೆ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ದಿಢೀರ್ ಇಳಿದು ತಲೆಸುತ್ತಿ ಬೀಳಬಹುದು. ಅನ್ನ, ಮುದ್ದೆ ಸ್ವಲ್ಪ ಇಳಿಸಿ, ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಹೆಚ್ಚಿಸಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಮೊದಲು ಕೇಳಿ. ವಾಕಿಂಗ್ ಜೊತೆಗೆ ದಿನಾ ಹತ್ತು ಸಲ ಕುರ್ಚಿಯಿಂದ ಎದ್ದು ಕೂರುವುದೂ ಇರಲಿ, ಕುರ್ಚಿ ಗೋಡೆಗೆ ಒರಗಿರಲಿ.